ಯಂತ್ರಕ್ಕೆ ಕಾಯುವುದನ್ನು ಕಲಿಸಿದವರು

ಕಡೂರು ದಾಟಿ ಬೀರೂರು ಸೇರಿದ ರೈಲು ಮಾರ್ಗ ಅಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಅಜ್ಜಂಪುರ, ಶಿವನಿಗಳನ್ನು ಹಾಯ್ದು ಚಿಕ್ಕಜಾಜೂರಿನ ಕಡೆಗೆ. ಇನ್ನೊಂದು ತರೀಕೆರೆ, ಭದ್ರಾವತಿಗಳನ್ನು ಹಾಯ್ದು ಶಿವಮೊಗ್ಗದ ಕಡೆಗೆ. ನನ್ನ ಬಾಲ್ಯ ಕಳೆದದ್ದು ಈ ಕವಲಿನ ಆಸುಪಾಸಿನಲ್ಲಿ. ತಂದೆಯವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಕೆಲವು ವರ್ಷ ಅಜ್ಜಂಪುರ, ಕೆಲವು ವರ್ಷ ತರೀಕೆರೆ. ಆಗ ಎರಡೂ ಒಂಟಿ ಹಳಿಯ ಮೀಟರ್ ಗೇಜ್ ಮಾರ್ಗಗಳು. ಎದುರುಬದುರು ಬರುವ ಗಾಡಿಗಳು ಡಿಕ್ಕಿಯಾಗದಂತೆ ಕಾಯುತ್ತಿದ್ದದ್ದು ಒಂದು ಬೆತ್ತದ ಬಳೆ. ಅದಕ್ಕೆ ಕಟ್ಟಿದ ಚೀಲದೊಳಗೆ ಒಂದು ಉಕ್ಕಿನ ಗುಂಡು. ಅದೇ ಟೋಕನ್.

ಎರಡು ನಿಲ್ದಾಣಗಳಲ್ಲಿದ್ದ ಟೋಕನ್ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಬೆಸೆದುಕೊಂಡಿರುತ್ತಿದ್ದವು. ಒಂದು ಗುಂಡು ಹೊರಗೆ ಬಂದಿತೆಂದರೆ, ಅದು ಮರಳಿ ಯಂತ್ರ ಸೇರುವತನಕ ಎರಡನೆಯದು ಯಾವ ಕಡೆಯಿಂದಲೂ ಹೊರಬರುವಂತಿಲ್ಲ. ಆ ಗುಂಡು ಕೈಯಲ್ಲಿಲ್ಲದ ಚಾಲಕ, ಕಣ್ಣಿಗೆ ಕಾಣುವಷ್ಟು ದೂರ ಹಳಿ ಖಾಲಿಯಿದ್ದರೂ ಗಾಡಿ ಬಿಡುವಂತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಅಜ್ಜಂಪುರದಲ್ಲಿ ಅರ್ಧ ಗಂಟೆ ನಿಂತ ಗಾಡಿಯ ಪ್ರಯಾಣಿಕರು ರೈಲ್ವೆಯನ್ನು ಶಪಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ತಂದೆಯವರು ಉತ್ತರಿಸುತ್ತಿರಲಿಲ್ಲ, ಎದುರು ಗಾಡಿ ಬರುವ ದಿಕ್ಕನ್ನು ನೋಡುತ್ತ ನಿಂತಿರುತ್ತಿದ್ದರು.

ಮುಂದೆ ಬೆಂಗಳೂರಿಗೆ ಬಂದು ಗಣಕ ವಿಜ್ಞಾನವನ್ನು ಓದತೊಡಗಿದಾಗ ಪಠ್ಯದಲ್ಲಿ ಸೆಮಾಫೋರ್ ಎಂಬ ಪದ ಎದುರಾಯಿತು. ಕೈ ಎತ್ತಿ ಇಳಿಸುವ ಸಿಗ್ನಲ್ ಕಂಬಕ್ಕೆ ರೈಲ್ವೆಯವರು ಬಳಸುತ್ತಿದ್ದ ಹೆಸರು ಅದು. ಅದನ್ನು ಗಣಕದ ಒಳಗೆ ತಂದು ನೆಟ್ಟವರು ಹಾಲೆಂಡಿನ ಎಡ್ಸ್ಗರ್ ಡೈಕ್‌ಸ್ಟ್ರಾ. 2002ರ ಆಗಸ್ಟ್ 6ರಂದು ತೀರಿಕೊಂಡ ಅವರನ್ನು ನಾನು ಕಂಡವನಲ್ಲ. ಆದರೂ ನನ್ನ ವೃತ್ತಿಯ ಒಂದು ದೊಡ್ಡ ಪಾಠಕ್ಕಾಗಿ ನಾನು ಅವರಿಗೆ ಋಣಿ.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರದ ಅಧ್ಯಾಪಕರು, ತಾಯಿ ಗಣಿತಜ್ಞೆ. ಲೈಡನ್ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರವನ್ನು ಓದುತ್ತಿದ್ದ ಅವರು 1951ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಒಂದು ಚಿಕ್ಕ ತರಬೇತಿಗೆ ಹೋಗಿ ಗಣಕಕ್ಕೆ ಆದೇಶಗಳನ್ನು ಬರೆಯುವ ವಿದ್ಯೆಯ ರುಚಿ ಕಂಡರು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರವನ್ನು ಸೇರಿದರು. ಅಂದಿಗೆ ಅದು ಹೆಸರೇ ಇಲ್ಲದ ವೃತ್ತಿ. 1957ರಲ್ಲಿ ಮದುವೆಯ ನೋಂದಣಿಗೆ ಹೋದಾಗ ತಮ್ಮ ಉದ್ಯೋಗ ಪ್ರೋಗ್ರಾಮರ್ ಎಂದು ಅವರು ಬರೆಸಿದರೆ, ಅಂಥದೊಂದು ಉದ್ಯೋಗವಿಲ್ಲವೆಂದು ನಗರಾಡಳಿತದವರು ಒಪ್ಪಲಿಲ್ಲ. ಕೊನೆಗೆ ದಾಖಲೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿ ಎಂದೇ ನಮೂದಾಯಿತು.

ಅದಕ್ಕೆ ಒಂದು ವರ್ಷ ಮೊದಲು, ಆಮ್‌ಸ್ಟರ್‌ಡ್ಯಾಮ್‌ನ ಕಾಫಿ ಅಂಗಡಿಯೊಂದರಲ್ಲಿ ಭಾವೀ ಪತ್ನಿಯೊಂದಿಗೆ ಕುಳಿತಿದ್ದಾಗ, ಕಾಗದ ಪೆನ್ನುಗಳಿಲ್ಲದೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ, ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯುವ ವಿಧಾನ ಅವರಿಗೆ ಹೊಳೆದಿತ್ತು. 1959ರಲ್ಲಿ ಪ್ರಕಟವಾದ ಆ ವಿಧಾನದಿಂದಲೇ ಜನ ಅವರನ್ನು ಹೆಚ್ಚಾಗಿ ನೆನೆಯುತ್ತಾರೆ. ನನಗೆ ಮುಖ್ಯವಾದದ್ದು ಅವರ ಇನ್ನೊಂದು ಕೆಲಸ.

ಸಹಕಾರ ಸಂಘವೊಂದರ ಲೆಕ್ಕದ ಪುಸ್ತಕವನ್ನು ಊಹಿಸಿಕೊಳ್ಳಿ. ಅಡಿಕೆ ಬೆಳೆಗಾರರೊಬ್ಬರ ಖಾತೆಯಲ್ಲಿ 1000 ರೂಪಾಯಿ ಇದೆ. ಒಬ್ಬ ಗುಮಾಸ್ತ ಆ ಮೊತ್ತವನ್ನು ನೋಡಿಕೊಂಡು, 200 ಕೂಡಿಸಲು ತನ್ನ ಮೇಜಿಗೆ ಹೋಗುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಅದೇ 1000ವನ್ನು ನೋಡಿಕೊಂಡು 300 ಕೂಡಿಸಲು ಹೋಗುತ್ತಾನೆ. ಮೊದಲನೆಯವನು ಬಂದು 1200 ಎಂದು ಬರೆಯುತ್ತಾನೆ. ಎರಡನೆಯವನು ಅದನ್ನು ಹೊಡೆದು 1300 ಎಂದು ಬರೆಯುತ್ತಾನೆ. ಇಬ್ಬರ ಲೆಕ್ಕವೂ ಸರಿ, ಆದರೆ ಬೆಳೆಗಾರನ 200 ರೂಪಾಯಿ ಮಾಯ. ಗಣಕದೊಳಗೆ ಏಕಕಾಲದಲ್ಲಿ ಓಡುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಒಂದೇ ಮಾಹಿತಿಯನ್ನು ಮುಟ್ಟಿದಾಗ ಆಗುವ ಅನಾಹುತ ಇದೇ. ನೂರು ಸಲ ಸರಿಯಾಗಿ ನಡೆದು ನೂರೊಂದನೆಯ ಸಲ ತಪ್ಪುವುದರಿಂದ ಇದನ್ನು ಹಿಡಿಯುವುದು ಬಹಳ ಕಷ್ಟ.

1962ರಲ್ಲಿ ಐಂಡ್‌ಹೋವನ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರಾಧ್ಯಾಪಕರಾಗಿ ಹೋದ ಡೈಕ್‌ಸ್ಟ್ರಾ ಈ ತೊಡಕನ್ನು ನೇರವಾಗಿ ಎದುರಿಸಿದರು. ಎರಡು ಕೆಲಸಗಳಿಗೆ ಅನ್ವಯಿಸುವ ಪರಿಹಾರವನ್ನು ಅವರ ಸಹೋದ್ಯೋಗಿ ಡೆಕ್ಕರ್ ಆಗಲೇ ಕಂಡುಕೊಂಡಿದ್ದರು. ಎಷ್ಟೇ ಕೆಲಸಗಳಿದ್ದರೂ ಸಲ್ಲುವ ಪರಿಹಾರವನ್ನು ಡೈಕ್‌ಸ್ಟ್ರಾ 1965ರಲ್ಲಿ ಪ್ರಕಟಿಸಿದರು. ಆದರೆ ಅದರಲ್ಲಿ ಒಂದು ಕೊರತೆ ಉಳಿದಿತ್ತು. ಸರದಿಗಾಗಿ ಕಾಯುವ ಕೆಲಸ ತನ್ನ ಸರದಿ ಬಂತೇ ಎಂದು ಕ್ಷಣಕ್ಷಣಕ್ಕೂ ಕೇಳುತ್ತ ಯಂತ್ರದ ಶಕ್ತಿಯನ್ನೇ ತಿನ್ನುತ್ತಿತ್ತು. ಇದಕ್ಕೆ ಅವರು ರೂಪಿಸಿದ ಉತ್ತರ ಸೆಮಾಫೋರ್. ಅದೊಂದು ಎಣಿಕೆ, ಜೊತೆಗೆ ಕಾಯುವವರ ಸಾಲು. ಒಳಹೋಗಲು ಅನುಮತಿ ಕೇಳುವ ಕ್ರಿಯೆಗೆ ಅವರು ಪಿ ಎಂದೂ ಬಿಟ್ಟುಕೊಡುವ ಕ್ರಿಯೆಗೆ ವಿ ಎಂದೂ ಡಚ್ ಪದಗಳ ಮೊದಲಕ್ಷರಗಳನ್ನೇ ಇಟ್ಟರು. ಅನುಮತಿ ದೊರೆಯದ ಕೆಲಸ ಸಾಲಿನಲ್ಲಿ ನಿದ್ರಿಸುತ್ತದೆ; ಒಳಗಿದ್ದವನು ಹೊರಬರುವಾಗ ಅದನ್ನು ಎಬ್ಬಿಸುತ್ತಾನೆ. ಆ ನಡುವೆ ಯಂತ್ರ ಬೇರೊಬ್ಬರ ಕೆಲಸವನ್ನು ಮಾಡುತ್ತಿರುತ್ತದೆ.

ಇದು ಕಾಗದದಲ್ಲಿಯೇ ಉಳಿಯಲಿಲ್ಲ. ಎಕ್ಸ್8 ಎಂಬ ಡಚ್ ಗಣಕಕ್ಕಾಗಿ ಅವರೂ ಕೆಲವೇ ಸಹೋದ್ಯೋಗಿಗಳೂ ಸೇರಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದರು. 1968ರಲ್ಲಿ ಅದರ ವಿವರ ಪ್ರಕಟವಾಯಿತು. ಆ ಯಂತ್ರದ ಮುಖ್ಯ ಸ್ಮೃತಿಕೋಶದಲ್ಲಿ ಹಿಡಿಯುತ್ತಿದ್ದದ್ದು ಸುಮಾರು 32 ಸಾವಿರ ಪದಗಳು ಮಾತ್ರ. ವ್ಯವಸ್ಥೆಯನ್ನು ಅಂತಸ್ತುಗಳಾಗಿ ವಿಂಗಡಿಸಿ, ಕೆಳಗಿನದು ಸರಿಯೆಂದು ಖಾತರಿಯಾದ ಬಳಿಕವೇ ಮೇಲಿನದನ್ನು ಕಟ್ಟಿದರು. ಪರೀಕ್ಷೆಯಲ್ಲಿ ಗೆದ್ದಿತೆಂಬುದು ಅವರಿಗೆ ಸಾಲುತ್ತಿರಲಿಲ್ಲ. ಪರೀಕ್ಷೆ ಇರುವ ದೋಷವನ್ನು ತೋರಿಸಬಲ್ಲದೇ ಹೊರತು ದೋಷವೇ ಇಲ್ಲವೆಂದು ಸಾಧಿಸಲಾರದು. ಆದ್ದರಿಂದ ಕಾರ್ಯಕ್ರಮ ಸರಿಯೆಂಬುದನ್ನು ತರ್ಕದಿಂದಲೇ ತೋರಿಸಬೇಕು ಎಂಬುದು ಅವರ ಜೀವಮಾನದ ನಿಲುವು. 1972ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಈ ನಿಲುವಿನ ಬೆಲೆ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಬಿಲ್ಲುಗಳ ಲೆಕ್ಕವಿಡುವ ತಂತ್ರಾಂಶ ನಿಧಾನವಾಗುತ್ತಿದೆ ಎಂಬ ದೂರು ಬಂದಿತು. ಅಳೆದು ನೋಡಿದಾಗ ಒಂದು ಬೀಗದ ಮುಂದೆ ಎಳೆಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ಆ ಜಾಗದಲ್ಲಿ ಬೀಗ ಅನಗತ್ಯವೆಂದು ನನಗೆ ತೋರಿತು, ತೆಗೆದುಹಾಕಿದೆ. ವೇಗ ಹೆಚ್ಚಿತು, ಮೂರು ವಾರಗಳ ಪರೀಕ್ಷೆಯಲ್ಲಿ ಒಂದು ತಪ್ಪೂ ಕಾಣಲಿಲ್ಲ, ಶಹಭಾಸ್‌ಗಿರಿಯೂ ದೊರೆಯಿತು. ತಿಂಗಳ ಕೊನೆಯ ಒತ್ತಡದ ದಿನ ಮೊತ್ತ ತಾಳೆಯಾಗಲಿಲ್ಲ. ಸಂಶಯ ಬಿದ್ದದ್ದು ಆ ವಾರವಷ್ಟೇ ಸಣ್ಣ ತಿದ್ದುಪಡಿಯೊಂದನ್ನು ಮಾಡಿದ್ದ ಕಿರಿಯ ಸಹೋದ್ಯೋಗಿಯ ಮೇಲೆ. ಕಾರಣ ನಾನೇ ಇರಬಹುದೆಂಬ ಅನುಮಾನ ಮೊದಲ ಸಂಜೆಯೇ ನನ್ನನ್ನು ಕಾಡಿತು. ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೇಳಿದೆ. ಬೀಗ ಮತ್ತೆ ಬಂದಿತು, ಲೆಕ್ಕ ಸರಿಹೋಯಿತು. ಆ ಹುಡುಗ ಮಾತ್ರ ಮೊದಲಿನಂತೆ ನನ್ನೊಡನೆ ಮಾತನಾಡಲಿಲ್ಲ. ಟೋಕನ್ ಇಲ್ಲದೆ ಗಾಡಿ ಬಿಟ್ಟವನು ನಾನು. ದೂರು ಹೊತ್ತವನು ಅವನು.

ಹಾಗೆಂದು ವೇಗದ ಬೇಡಿಕೆಯೇ ತಪ್ಪಲ್ಲ. ಒಂದೇ ಪ್ರೊಸೆಸರ್ ಇದ್ದ ಡೈಕ್‌ಸ್ಟ್ರಾ ಅವರ ಕಾಲದ ಯಂತ್ರಕ್ಕೂ ಹತ್ತಾರು ಪ್ರೊಸೆಸರ್‌ಗಳಿರುವ ಇಂದಿನ ಯಂತ್ರಕ್ಕೂ ಅಂತರ ದೊಡ್ಡದು. ಎಳೆಯೊಂದನ್ನು ಮಲಗಿಸಿ ಎಬ್ಬಿಸುವುದಕ್ಕೂ ಸಮಯ ತಗಲುತ್ತದೆ. ಕಾಯಬೇಕಾದ ಅವಧಿ ಅದಕ್ಕಿಂತ ಕಡಿಮೆಯಿದ್ದರೆ ಎಚ್ಚರವಾಗಿಯೇ ನಿಂತು ಕಾಯುವುದು ಲಾಭ. ಬೀಗ ಯಾರ ವಶದಲ್ಲಿದೆ ಎಂಬ ಒಂದು ಪುಟ್ಟ ಮಾಹಿತಿ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಓಡಾಡುವುದರಲ್ಲಿಯೇ ಯಂತ್ರ ಸುಸ್ತಾಗುವುದುಂಟು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ 1996ರಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳ ಯಂತ್ರದಲ್ಲಿ ಓಡುವ ಶಕ್ತಿ ಬಂದಾಗ, ಅಲ್ಲಿದ್ದದ್ದು ಬಹುಪಾಲು ಒಂದೇ ದೊಡ್ಡ ಬೀಗ. ಕಡೂರಿನಿಂದ ಶಿವಮೊಗ್ಗದವರೆಗೆ ಒಂದೇ ಟೋಕನ್ ಇಟ್ಟಂತೆ ಅದು: ಅಪಘಾತವಿಲ್ಲ, ಆದರೆ ಗಾಡಿಗಳೂ ಓಡವು. ನಡುವೆ ತರೀಕೆರೆಯಂತಹ ನಿಲ್ದಾಣಗಳನ್ನಿಟ್ಟು ಮಾರ್ಗವನ್ನು ತುಂಡು ಮಾಡಿ, ತುಂಡಿಗೊಂದು ಟೋಕನ್ ಕೊಟ್ಟರೆ ಓಡಾಟ ಹೆಚ್ಚುತ್ತದೆ. ಕರ್ನೆಲ್‌ನಲ್ಲಿಯೂ ಹಾಗೆಯೇ ದೊಡ್ಡ ಬೀಗವನ್ನು ಒಡೆದು ಸಣ್ಣ ಬೀಗಗಳನ್ನು ಮಾಡುತ್ತ ಹೋದರು. ದೊಡ್ಡ ಬೀಗ ಪೂರ್ತಿ ಮಾಯವಾದದ್ದು 2011ರಲ್ಲಿ. ಒಂದು ಬೀಗವನ್ನು ಸುರಕ್ಷಿತವಾಗಿ ತೆಗೆಯಲು ಹದಿನೈದು ವರ್ಷ ಬೇಕಾಯಿತೆಂಬುದು ನನ್ನಂತಹ ಅವಸರದವರು ನೆನಪಿಡಬೇಕಾದ ಸಂಗತಿ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಅಮೆರಿಕದ ಪಾಲ್ ಮೆಕೆನ್ನಿ ಮತ್ತಿತರರು ಬೆಳೆಸಿದ ಆರ್‌ಸಿಯು ಎಂಬ ವಿಧಾನವನ್ನು ಲಿನಕ್ಸ್‌ಗೆ ಒಗ್ಗಿಸಿದವರಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರುಗಳಾಗಿದ್ದ ದೀಪಂಕರ್ ಸರ್ಮಾ, ಮನೀಶ್ ಸೋನಿ ಅವರೂ ಇದ್ದರು. ನಿಲ್ದಾಣದ ವೇಳಾಪಟ್ಟಿಯ ಹಲಗೆಯನ್ನು ಜನ ಓದುತ್ತಿರುವಾಗಲೇ ಅಳಿಸಿ ಬರೆದರೆ ಗೊಂದಲವಾಗುತ್ತದೆ. ಓದುವವರನ್ನು ತಡೆದು ನಿಲ್ಲಿಸಿದರೆ ನೂಕುನುಗ್ಗಲು. ಅದರ ಬದಲು ಹೊಸ ಹಲಗೆಯನ್ನು ಬೇರೆಡೆ ಪೂರ್ತಿ ಬರೆದು ನಿಲ್ಲಿಸಿ, ಹೊಸದಾಗಿ ಬರುವವರನ್ನು ಅತ್ತ ಕಳುಹಿಸಿ, ಹಳೆಯದರ ಮುಂದಿನ ಕೊನೆಯ ಓದುಗ ಹೊರಟ ಮೇಲೆ ಅದನ್ನು ತೆಗೆಯಬಹುದು. ಓದುವವರಿಗೆ ಬೀಗವೇ ಇಲ್ಲ. ಕಾಯುವ ಹೊಣೆ ಬದಲಿಸುವವನದು. ಇದು ಲಿನಕ್ಸ್ ಕರ್ನೆಲ್ ಸೇರಿದ್ದು 2002ರ ಅಕ್ಟೋಬರಿನಲ್ಲಿ, ಡೈಕ್‌ಸ್ಟ್ರಾ ತೀರಿಕೊಂಡ ಎರಡು ತಿಂಗಳ ಬಳಿಕ. ಇಲ್ಲಿ ಬೀಗ ಹೋಯಿತಾದರೂ ಕಾಯುವಿಕೆ ಹೋಗಲಿಲ್ಲ; ಯಾರು, ಯಾವಾಗ, ಎಷ್ಟು ಕಾಯಬೇಕೆಂಬುದನ್ನು ಹೆಚ್ಚು ಸೂಕ್ಷ್ಮವಾಗಿ ವಿಚಾರಿಸಲಾಯಿತು, ಅಷ್ಟೆ.

ಡೈಕ್‌ಸ್ಟ್ರಾ ಎಲ್ಲರಿಗೂ ಪ್ರಿಯರಾದವರಲ್ಲ. ಅವರ ಮಾತು ಹರಿತ, ಕೆಲವೊಮ್ಮೆ ನಿರ್ದಯ. ಉದ್ಯಮದ ಅವಸರವನ್ನು ಅವರು ಕಂಡ ರೀತಿ ಅನೇಕರಿಗೆ ಅಹಂಕಾರವಾಗಿಯೂ ಅವರ ಗಣಿತದ ಶಿಸ್ತು ಅವ್ಯವಹಾರಿಕವಾಗಿಯೂ ತೋರಿತು. ನಿತ್ಯದ ಗಡುವುಗಳ ನಡುವೆ ಬದುಕುವ ನನಗೂ ಆ ಆಕ್ಷೇಪದಲ್ಲಿ ಹುರುಳಿದೆ ಎನಿಸುತ್ತದೆ. ಗಣಕಶಾಸ್ತ್ರದ ಈ ಹಿರಿಯ ತಮ್ಮ ಬರಹಗಳನ್ನು ಫೌಂಟನ್ ಪೆನ್ನಿನಲ್ಲಿ ಅಂದವಾಗಿ ಬರೆದು, ಸಂಖ್ಯೆ ಕೊಟ್ಟು, ನಕಲು ತೆಗೆಸಿ ಮಿತ್ರರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅಂತಹ ಟಿಪ್ಪಣಿಗಳು 1300ಕ್ಕೂ ಹೆಚ್ಚು. 1973ರಿಂದ ಬರೋಸ್ ಕಂಪನಿಯ ಸಂಶೋಧಕರಾಗಿ ನ್ಯೂನೆನ್ ಎಂಬ ಊರಿನ ತಮ್ಮ ಮನೆಯಲ್ಲಿಯೇ ಕೆಲಸ ಮಾಡಿದರು. 1984ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ 1999ರಲ್ಲಿ ನಿವೃತ್ತರಾದರು. ಕ್ಯಾನ್ಸರಿನಿಂದ ಬಳಲುತ್ತ ನ್ಯೂನೆನ್‌ಗೆ ಮರಳಿ ಅಲ್ಲಿಯೇ ಕೊನೆಯುಸಿರೆಳೆದರು.

ಈಗ ಬೀರೂರಿನ ಕವಲಿನಲ್ಲಿ ಬೆತ್ತದ ಬಳೆಯನ್ನು ಎಸೆಯುವವರಿಲ್ಲ. ಅಜ್ಜಂಪುರ ಸ್ವತಂತ್ರ ತಾಲ್ಲೂಕಾಗಿದೆ; ಕಡೂರಿನಿಂದ 2013ರಲ್ಲಿ ಚಿಕ್ಕಮಗಳೂರಿಗೂ ಹಳಿ ಹೋಗಿದೆ. ನಮ್ಮ ಬ್ಯಾಂಕು, ಪಡಿತರ, ಪಹಣಿಗಳೆಲ್ಲ ಕರ್ನೆಲ್‌ನ ಬೀಗಗಳನ್ನು ನಂಬಿ ನಡೆಯುತ್ತಿವೆ. ಕಿಟಕಿಯ ಮುಂದೆ ನಿಂತ ನಾವು ಏಕೆ ಇಷ್ಟು ನಿಧಾನವೆಂದು ಕೇಳುತ್ತೇವೆ, ಕೇಳಲೇಬೇಕು. ಆದರೆ ಆ ಒತ್ತಡಕ್ಕೆ ಮಣಿದು ಒಳಗೆ ಯಾರೋ ಒಬ್ಬರು ಯಾವ ಬೀಗ ತೆಗೆದರೆಂಬುದು ನಮಗೆ ಗೊತ್ತಾಗುವುದಿಲ್ಲ. ತೆಗೆಯುವವರು ಅದು ಏಕಿತ್ತೆಂಬುದನ್ನು ಮೊದಲು ತಿಳಿದಿರಬೇಕು. ಅಜ್ಜಂಪುರದ ಬಿಸಿಲಿನಲ್ಲಿ ಬೈಗುಳ ಕೇಳುತ್ತ ಎದುರು ಗಾಡಿಗಾಗಿ ಕಾದ ತಂದೆಯವರಿಗೆ ಡೈಕ್‌ಸ್ಟ್ರಾ ಎಂಬ ಹೆಸರೇ ಗೊತ್ತಿರಲಿಲ್ಲ. ಅದು ಮಾತ್ರ ಚೆನ್ನಾಗಿ ಗೊತ್ತಿತ್ತು.