ಬೈಂಡಿಂಗ್ ಅಂಗಡಿಯ ವಿದ್ಯಾರ್ಥಿ

ಪಿಯುಸಿಯಲ್ಲಿ ಮೈಕೆಲ್ ಫ್ಯಾರಡೆ ನನಗೆ ಪರೀಕ್ಷೆಯ ಒಂದು ಪ್ರಶ್ನೆಯಷ್ಟೇ ಆಗಿದ್ದ. ನಿಯಮ ಬಾಯಿಪಾಠ ಮಾಡಿ, ಸುರುಳಿ ಮತ್ತು ಅಯಸ್ಕಾಂತದ ಚಿತ್ರ ಬರೆದರೆ ಮುಗಿಯಿತು. ಆತ ಪುಸ್ತಕ ಬೈಂಡ್ ಮಾಡುವವನಾಗಿದ್ದ ಎಂದು ತಿಳಿದದ್ದು ಪದವಿ ಮುಗಿಸಿ, ಹಾಕಿದ ಅರ್ಜಿಗಳಿಗೆ ಉತ್ತರ ಕಾಯುತ್ತಾ, ಝೆರಾಕ್ಸ್ ಅಂಗಡಿಯೊಂದರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟ್‌ಗಳಿಗೆ ಸ್ಪೈರಲ್ ಬೈಂಡಿಂಗ್ ಮಾಡುತ್ತಿದ್ದಾಗ. ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

1791ರಲ್ಲಿ ಲಂಡನ್ ಬಳಿಯ ನ್ಯೂಯಿಂಗ್ಟನ್‌ನಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ. ಅಪ್ಪನಿಗೆ ಸದಾ ಅನಾರೋಗ್ಯ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನ ಪಾಲಿಗೆ ವಾರಕ್ಕೆ ಸಿಗುತ್ತಿದ್ದುದು ಒಂದೇ ಬ್ರೆಡ್ಡು. ಓದು, ಬರಹ, ಒಂದಿಷ್ಟು ಲೆಕ್ಕ, ಶಾಲೆ ಕೊಟ್ಟಿದ್ದು ಅಷ್ಟೇ. 13ನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬಾತನ ಪುಸ್ತಕದಂಗಡಿ ಸೇರಿ ಮನೆಮನೆಗೆ ಪತ್ರಿಕೆ ಮುಟ್ಟಿಸಿದ. ಮರುವರ್ಷ ಅಲ್ಲೇ ಬೈಂಡಿಂಗ್ ಕಲಿಯಲು ನಿಂತ. ಏಳು ವರ್ಷದ ಕರಾರು.

ಹೊಲಿಯಲು ಬಂದ ಪುಸ್ತಕಗಳನ್ನೇ ಓದತೊಡಗಿದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬಾಕೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರ ಹೀಗೆ. ಓದಿ ಸುಮ್ಮನಾಗುತ್ತಿರಲಿಲ್ಲ, ನಿಜವೇ ಎಂದು ಮಾಡಿ ನೋಡುತ್ತಿದ್ದ. ತಾಮ್ರದ ಏಳು ಅರ್ಧ ಪೆನ್ನಿ ನಾಣ್ಯ, ಅಷ್ಟೇ ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ಕಾಗದ ಇಟ್ಟು ಬ್ಯಾಟರಿ ಕಟ್ಟಿದ. ಸಂಜೆಯ ವಿಜ್ಞಾನ ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್ ಶುಲ್ಕ. ಅದನ್ನು ಕೊಡುತ್ತಿದ್ದವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್. (ತಾನು ದುಡಿದು ತಮ್ಮನನ್ನು ಓದಿಸುವ ಇಂಥ ಅಣ್ಣ ಅಕ್ಕಂದಿರು ನಮ್ಮ ಎಷ್ಟು ಮನೆಗಳಲ್ಲಿಲ್ಲ!)

ನಾನು ಮತ್ತೆ ಮತ್ತೆ ಓದಿದ್ದು ಮುಂದಿನ ಒಂದು ವರ್ಷದ ಕತೆಯನ್ನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಇನ್ನು ಬೇಕಿದ್ದುದು ವಿಜ್ಞಾನದ ಕೆಲಸ, ಎಷ್ಟೇ ಸಣ್ಣದಾದರೂ ಸರಿ. ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದ. ವಿಚಾರಿಸಲು ಹೋದರೆ, ಉತ್ತರವೇನೂ ಇಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಆಮೇಲೆ ಡೇವಿಗೆ ಬರೆದ. ಈ ಸಲ ಬರಿ ಅರ್ಜಿಯಲ್ಲ. ನಾಲ್ಕು ಉಪನ್ಯಾಸದ ಟಿಪ್ಪಣಿಯನ್ನು ಚಿತ್ರಸಮೇತ ಶುದ್ಧಪ್ರತಿ ಮಾಡಿ, ಸುಮಾರು 300 ಪುಟವನ್ನು ತಾನೇ ಬೈಂಡ್ ಮಾಡಿ ಜೊತೆಗಿಟ್ಟ. ಒಂದು ಪ್ರಮಾಣಪತ್ರವೂ ಇಲ್ಲದವನಿಗೆ ಅದೇ ಬಯೋಡೇಟಾ.

ಡೇವಿ ಕರೆಸಿ ಮಾತಾಡಿದ. ಕೆಲಸ ಖಾಲಿ ಇಲ್ಲ, ಬೈಂಡಿಂಗನ್ನೇ ನೆಚ್ಚಿಕೊಂಡಿರುವುದು ಒಳ್ಳೆಯದು ಎಂದ. ಕೆಲವು ವಾರಗಳಲ್ಲಿ ಅಲ್ಲಿನ ಪ್ರಯೋಗಾಲಯದ ಸಹಾಯಕ ಹೊಡೆದಾಟ ಮಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆಯ ನೇಮಕವಾಯಿತು. ವಾರಕ್ಕೆ 25 ಶಿಲ್ಲಿಂಗ್, ಮೇಲ್ಮಹಡಿಯಲ್ಲಿ ಎರಡು ಕೋಣೆ. ಇದನ್ನು ಬರೀ ಪ್ರತಿಭೆಯ ಕತೆಯಾಗಿ ಹೇಳುವವರು ಆ ಹೊಡೆದಾಟವನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಮುಖ್ಯ ಅನಿಸುತ್ತದೆ. ಜಾಗ ಖಾಲಿಯಾಗುವುದು ಅವನ ಕೈಯಲ್ಲಿರಲಿಲ್ಲ. ಖಾಲಿಯಾದ ದಿನ ಡೇವಿಗೆ ನೆನಪಾದದ್ದು ಮಾತ್ರ ಆ ಪುಸ್ತಕ ಕಳಿಸಿದ ಹುಡುಗ.

ಕೆಲಸ ಸಿಕ್ಕಮೇಲೂ ಕಲಿಕೆ ಸಲೀಸಾಗಿರಲಿಲ್ಲ. ಡೇವಿ ದಂಪತಿಯ ಜೊತೆ ಯುರೋಪ್ ಪ್ರವಾಸ ಹೋದಾಗ ಡೇವಿಯ ಹೆಂಡತಿ ಅವನನ್ನು ಆಳಿನಂತೆ ನಡೆಸಿಕೊಂಡಳು. ಸಹಿಸಿಕೊಂಡೇ ಫ್ರೆಂಚ್, ಇಟಾಲಿಯನ್ ಕಲಿತ, ಆಂಪಿಯರ್, ವೋಲ್ಟಾರನ್ನು ಕಂಡ. ಭಾಷಣ ಕಲೆಗೆ ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡ. ಗಣಿತ ಮಾತ್ರ ಕೊನೆತನಕ ಒಲಿಯಲಿಲ್ಲ. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿಯಲ್ಲಿ ಮೂಡುವ ಗೆರೆಗಳನ್ನೇ ಹಿಡಿದು ಯೋಚಿಸಿದ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದದ್ದೂ ಸಮೀಕರಣಗಳ ನೆರವಿಲ್ಲದೆ. ಆ ಗೆರೆಗಳಿಗೆ ಗಣಿತದ ರೂಪ ಕೊಟ್ಟವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1857ರಲ್ಲಿ ಮ್ಯಾಕ್ಸ್‌ವೆಲ್‌ಗೆ 26 ವರ್ಷ, ಫ್ಯಾರಡೆಗೆ 66. ಅಷ್ಟು ಹೆಸರಾಗಿದ್ದ ಹಿರಿಯ ಆ ತರುಣನಿಗೆ ಕಾಗದ ಬರೆದು, ಗಣಿತದಿಂದ ಸಿಕ್ಕ ಫಲಿತಾಂಶಗಳನ್ನು ತನ್ನಂಥವರಿಗೂ ತಿಳಿಯುವ ಸಾದಾ ಮಾತಿನಲ್ಲಿ ಬರೆಯಲಾಗದೇ ಎಂದು ಕೇಳಿದ.