ಮಣ್ಣಿನಲ್ಲಿ ಶಾಲೆ ಕಟ್ಟಿದ ಅನ್ನಾ ಹೆರಿಂಗರ್

ಮಕ್ಕಳೇ, ಜರ್ಮನಿ ಮುಗಿದು ಆಸ್ಟ್ರಿಯಾ ಶುರುವಾಗುವ ಕಡೆ, ಸಾಲ್ಜಾಖ್ ನದಿಯ ದಂಡೆಯಲ್ಲಿ ಲೌಫೆನ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ ಬೆಳೆದ ಒಬ್ಬ ಹುಡುಗಿ ಮುಂದೆ ಆರ್ಕಿಟೆಕ್ಟ್ ಆದಳು. ಅವರ ಹೆಸರು ಅನ್ನಾ ಹೆರಿಂಗರ್, ಹುಟ್ಟಿದ್ದು 1977ರಲ್ಲಿ. ಆರ್ಕಿಟೆಕ್ಟ್ ಎಂದರೆ ಗಾಜು, ಕಾಂಕ್ರೀಟು, ಮುಗಿಲು ಮುಟ್ಟುವ ಕಟ್ಟಡ ಎಂದೇ ನಿಮಗೆ ತೋಚಬಹುದು. ಇವರ ಹೆಸರು ಲೋಕಕ್ಕೆಲ್ಲ ತಿಳಿದದ್ದು ಮಣ್ಣು, ಬಿದಿರು, ಹುಲ್ಲಿನಿಂದ ಕಟ್ಟಿದ ಎರಡೇ ಅಂತಸ್ತಿನ ಒಂದು ಹಳ್ಳಿ ಶಾಲೆಯಿಂದ.

ಆ ಶಾಲೆ ಇರುವುದು ಬಾಂಗ್ಲಾದೇಶದ ಉತ್ತರ ಭಾಗದಲ್ಲಿ, ದಿನಾಜ್‌ಪುರ ಜಿಲ್ಲೆಯ ರುದ್ರಾಪುರದಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲೇ ಅನ್ನಾ ಬಾಂಗ್ಲಾದೇಶಕ್ಕೆ ಹೋಗಿ, 'ದೀಪಶಿಖಾ' ಎಂಬ ಗ್ರಾಮಾಭಿವೃದ್ಧಿ ಸಂಸ್ಥೆಯ ಜೊತೆ ಸುಮಾರು ಒಂದು ವರ್ಷ ಸ್ವಯಂಸೇವಕಿಯಾಗಿದ್ದರು. ಹೊರಗಿನವರು ತಂದುಕೊಡುವುದಕ್ಕಾಗಿ ಕಾಯುವ ಬದಲು ಊರಲ್ಲೇ ಇರುವುದನ್ನು ಚೆನ್ನಾಗಿ ಬಳಸಿಕೊಳ್ಳಬೇಕು ಎಂಬುದನ್ನು ಅವರು ಕಲಿತದ್ದು ಅಲ್ಲಿ. ಆಮೇಲೆ ಆಸ್ಟ್ರಿಯಾದ ಲಿನ್ಸ್ ನಗರದಲ್ಲಿ ವಾಸ್ತುಶಿಲ್ಪ ಓದುವಾಗ, ಕೊನೆಯ ಪರೀಕ್ಷೆಯ ಯೋಜನೆಗೆ ಅದೇ ರುದ್ರಾಪುರಕ್ಕೆ ಒಂದು ಶಾಲೆಯ ನಕ್ಷೆ ಬರೆದರು. ಬಹಳಷ್ಟು ವಿದ್ಯಾರ್ಥಿಗಳ ನಕ್ಷೆಗಳು ಕಪಾಟಿನಲ್ಲೇ ಉಳಿಯುತ್ತವೆ. ಇದು ಉಳಿಯಲಿಲ್ಲ. ಹಣ ಕೂಡಿಸಿ, ಐಕೆ ರೋಸ್ವಾಗ್ ಎಂಬ ಜರ್ಮನ್ ಆರ್ಕಿಟೆಕ್ಟ್‌ರ ಜೊತೆ ಸೇರಿ, 2005ರ ಸೆಪ್ಟೆಂಬರಿನಲ್ಲಿ ಕೆಲಸ ಹಿಡಿದರು. ಡಿಸೆಂಬರಿಗೆ ಶಾಲೆ ಎದ್ದು ನಿಂತಿತ್ತು.

ಆ ಊರಲ್ಲಿ ಮಣ್ಣಿನ ಮನೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅವು ಬೇಗ ಹಾಳಾಗುತ್ತಿದ್ದವು. ಸರಿಯಾದ ತಳಪಾಯವಿಲ್ಲದ್ದರಿಂದ ನೆಲದ ತೇವ ಗೋಡೆಗೆ ಏರಿ, ಬುಡವೇ ಮೆತ್ತಗಾಗುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಬಂದವರು ಇಟ್ಟಿಗೆ, ಸಿಮೆಂಟಿನ ಕಡೆಗೇ ನೋಡುತ್ತಿದ್ದರು. ಮಣ್ಣಿನ ಮನೆ ಎಂದರೆ ಬಡವರ ಮನೆ ಎಂಬ ಭಾವನೆ ಬೇರೂರಿತ್ತು. ನಮ್ಮ ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಎಷ್ಟೋ ಒಳ್ಳೆಯ ಮಣ್ಣಿನ ಗೋಡೆಗಳು ಇದೇ ಭಾವನೆಗೆ ಬಲಿಯಾಗಿ ಬಿದ್ದವು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅನ್ನಾ ಮಣ್ಣನ್ನು ಬಿಡಲಿಲ್ಲ, ಅದರ ಕಾಯಿಲೆಗೆ ಮದ್ದು ಹುಡುಕಿದರು. ಮೊದಲು ಅರ್ಧ ಮೀಟರ್ ಆಳದ ಇಟ್ಟಿಗೆ ತಳಪಾಯ ಹಾಕಿಸಿದರು. ತೇವ ಮೇಲೇರದಂತೆ ಅದರ ಮೇಲೆ ಎರಡು ಪದರ ಪ್ಲಾಸ್ಟಿಕ್ ಹಾಳೆ. ಇನ್ನು ಮಣ್ಣಿಗೆ ಭತ್ತದ ಹುಲ್ಲು ಬೆರೆಸಿ, ನೀರು ಹಾಕಿ, ದನ ಎಮ್ಮೆಗಳಿಂದ ತುಳಿಸಿದರು. ಹದವಾದ ಕೆಸರನ್ನು ತಳಪಾಯದ ಮೇಲೆ ಸುಮಾರು 65 ಸೆಂಟಿಮೀಟರ್ ಎತ್ತರಕ್ಕೆ ಪೇರಿಸುವುದು, ಮೂರು ನಾಲ್ಕು ದಿನ ಬಿಟ್ಟು ಹರಿತವಾದ ಸಲಿಕೆಯಿಂದ ಬದಿಗಳನ್ನು ನೇರವಾಗಿ ಕೆತ್ತುವುದು, ಒಣಗಿದ ಮೇಲೆ ಇನ್ನೊಂದು ವರಸೆ ಏರಿಸುವುದು. ಅವಸರ ಮಾಡಿದರೆ ಕೆಳಗಿನ ವರಸೆ ಮೇಲಿನ ಭಾರಕ್ಕೆ ಕುಸಿಯುತ್ತದೆ. ಇದು ಜರ್ಮನಿಯಲ್ಲೂ ಹಿಂದೆ ಬಳಕೆಯಲ್ಲಿದ್ದ ವಿಧಾನ. ಅಲ್ಲಿನ ಹಳೆಯ ಪೇಟೆಗಳಲ್ಲಿ ಮರದ ಚೌಕಟ್ಟಿನ ಚೆಂದದ ಮನೆಗಳನ್ನು ಚಿತ್ರಗಳಲ್ಲಿ ನೋಡಿರುತ್ತೀರಲ್ಲ? ಅಂಥ ಎಷ್ಟೋ ಮನೆಗಳಲ್ಲಿ ಮರದ ನಡುವೆ ತುಂಬಿರುವುದು ಹುಲ್ಲು ಬೆರೆಸಿದ ಮಣ್ಣೇ.

ಮೇಲಿನ ಅಂತಸ್ತು ಪೂರ್ತಿ ಬಿದಿರಿನದು. ಬಿದಿರ ಗಳಗಳನ್ನು ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿದ್ದಾರೆ. ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿರುವುದರಿಂದ ಮುಂಗಾರಿನ ಮಳೆ ಮಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಮೇಲೆ ಬಣ್ಣ ಬಣ್ಣದ ಸೀರೆಗಳನ್ನು ಇಳಿಬಿಟ್ಟಿದ್ದಾರೆ. ಬಿದಿರ ಸೀಳಿನ ನಡುವೆ ಬರುವ ಬೆಳಕಿನಲ್ಲಿ ಇಡೀ ಕೋಣೆ ರಂಗೇರುತ್ತದೆ.

ನೀವು ಅಲ್ಲಿಗೆ ಹೋದರೆ ಮೊದಲು ಓಡುವುದು ಮಾತ್ರ ಕೆಳಗಿನ ಗುಹೆಗಳಿಗೆ! ಕೆಳಗಿನ ಮೂರು ತರಗತಿಗಳ ಹಿಂದೆ, ಮಣ್ಣಿನಲ್ಲೇ ತಿದ್ದಿದ ದುಂಡನೆಯ ಗುಹೆಗಳಿವೆ. ತರಗತಿಯ ಗೋಡೆಯ ತೂತಿನಲ್ಲಿ ನುಸುಳಿ ಒಳಗೆ ಹೋಗಬಹುದು. ಒರಗಿ ಕೂತು ಓದಬಹುದು, ಗೆಳೆಯರ ಜೊತೆ ಪಿಸುಗುಡಬಹುದು, ಒಬ್ಬರೇ ಸುಮ್ಮನೆ ಇರಬಹುದು. ಮಕ್ಕಳಿಗೆ ಪಾಠದಷ್ಟೇ ಇಂಥ ಮೂಲೆಯೂ ಬೇಕು ಎಂದು ಯೋಚಿಸಿದ ಆ ಮನಸ್ಸು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಈ ಶಾಲೆಗೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅನ್ನಾ ರುದ್ರಾಪುರಕ್ಕೆ ಮತ್ತೆ ಮತ್ತೆ ಹೋದರು. ಅಲ್ಲೇ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವ ಒಂದು ಶಾಲೆ ಎದ್ದಿತು. ಆಮೇಲೆ 'ಆನಂದಾಲಯ' ಬಂತು. ಅಂಗವಿಕಲರ ಚಿಕಿತ್ಸೆಗೆಂದು ಕಟ್ಟಿದ ಈ ಮನೆಯ ಗೋಡೆಗಳು ನೇರವಾಗಿಲ್ಲ, ಕುಣಿದಂತೆ ಬಾಗಿ ಬಳುಕಿವೆ. ಗಾಲಿಕುರ್ಚಿಯಲ್ಲಿ ಇರುವವರೂ ಮೇಲಿನ ಅಂತಸ್ತಿಗೆ ಹೋಗಲು ಕಟ್ಟಡವನ್ನು ಸುತ್ತಿಕೊಂಡು ಒಂದು ಇಳಿಜಾರು ದಾರಿ ಏರುತ್ತದೆ. ಆ ಊರಿನಲ್ಲಿ ಅಂಥ ದಾರಿ ಅಪರೂಪ. ಅದೇ ಕಟ್ಟಡದ ಎದ್ದುಕಾಣುವ ಅಂದವೂ ಆಯಿತು. ಮೇಲೆ ಹಳ್ಳಿಯ ಹೆಂಗಸರು ಬಟ್ಟೆ ಹೊಲಿಯುವ ಕೋಣೆಯಿದೆ. ಕಟ್ಟಿದವರು ಆ ಊರಿನವರೇ, ಅವರಲ್ಲಿ ಅಂಗವಿಕಲರೂ ಇದ್ದರು. ಸಿಮೆಂಟು ಕೊಂಡಿದ್ದರೆ ದೂರದ ಕಾರ್ಖಾನೆಗೆ ಹೋಗುತ್ತಿದ್ದ ಹಣ, ಇಲ್ಲಿ ಮಣ್ಣು ಹದ ಮಾಡಿದವರ ಕೂಲಿಯಾಗಿ ಊರಲ್ಲೇ ಉಳಿಯಿತು. 2020ರಲ್ಲಿ ಆನಂದಾಲಯಕ್ಕೆ ಓಬೆಲ್ ಎಂಬ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಮಣ್ಣು ಬಡ ದೇಶಗಳಿಗೆ ಮಾತ್ರ ಎಂದು ಅನ್ನಾ ಒಪ್ಪುವುದಿಲ್ಲ. 2018ರಲ್ಲಿ ಜರ್ಮನಿಯ ವೋರ್ಮ್ಸ್ ನಗರದ ಪುರಾತನ ಕೆಥೆಡ್ರಲ್‌ಗೆ ಮಣ್ಣಿನಲ್ಲಿ ಕಟ್ಟುವುದರಲ್ಲಿ ಪಳಗಿದ ಮಾರ್ಟಿನ್ ರೌಖ್ ಅವರ ಜೊತೆ ಸೇರಿ ಅವರು ಮಾಡಿಕೊಟ್ಟ ಪೂಜಾವೇದಿಕೆ ಕುಟ್ಟಿ ಗಟ್ಟಿ ಮಾಡಿದ ಮಣ್ಣಿನದು. ನಮ್ಮ ಬೆಂಗಳೂರಿನಲ್ಲೂ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು, ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು.

ಈ ರಜೆಯಲ್ಲಿ ಒಂದು ಕೆಲಸ ಮಾಡಿ ನೋಡಿ. ಜಿಗುಟಾದ ಮಣ್ಣು ಸಿಕ್ಕರೆ ಎರಡು ಉಂಡೆ ಕಟ್ಟಿ. ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಸಣ್ಣಗೆ ಕತ್ತರಿಸಿದ ಒಣಹುಲ್ಲು ಬೆರೆಸಿ. ಒಂದು ವಾರ ಒಣಗಲು ಬಿಡಿ, ಯಾವುದು ಹೆಚ್ಚು ಬಿರುಕು ಬಿಟ್ಟಿತೆಂದು ನೋಡಿ. ಬೇಸಿಗೆಗೆ ಊರಿಗೆ ಹೋದಾಗ ಮಣ್ಣಿನ ಗೋಡೆ ಕಂಡರೆ, ಅದನ್ನು ಹೇಗೆ ಕಟ್ಟಿದರೆಂದು ಅಜ್ಜ ಅಜ್ಜಿಯನ್ನು ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದು, ನಿಮ್ಮ ಉಂಡೆಗಳ ಫೋಟೊ ಜೊತೆ ಮುಂದಿನ ಸಂಚಿಕೆಗೆ ಕಳಿಸಿಕೊಡಿ.