ನೌಕೆಗೆ ಹೆಸರಾದ ರಾಣಿ ಅಹಲ್ಯಾಬಾಯಿ

ಹಡಗುಗಳಿಗೆ ಹೆಸರಿಡುವುದರಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಪದ್ಧತಿಯುಂಟು. ಅಮೆರಿಕೆಯವರು ತಮ್ಮ ವಿಧ್ವಂಸಕ ನೌಕೆಗಳಿಗೆ ಕಡಲ ಕಾಳಗದಲ್ಲಿ ಕೀರ್ತಿ ಪಡೆದ ಅಧಿಕಾರಿಗಳ ಹೆಸರನ್ನು ಇಡುತ್ತ ಬಂದಿದ್ದಾರೆ. ನಮ್ಮ ನೌಕಾಪಡೆಯ ವಿಧ್ವಂಸಕ ನೌಕೆಗಳಲ್ಲಿ ದೆಹಲಿ, ಮೈಸೂರು, ಮುಂಬಯಿ ಮೊದಲಾದ ನಗರಗಳ ಹೆಸರುಗಳಿವೆ. ಕೋಸ್ಟ್ ಗಾರ್ಡ್ ಎಂದು ಕರೆಯಲ್ಪಡುವ ನಮ್ಮ ತಟರಕ್ಷಣಾ ಪಡೆಯಾದರೋ ತನ್ನ ಎಷ್ಟೋ ಗಸ್ತು ನೌಕೆಗಳಿಗೆ ಭಾರತದ ವೀರಮಹಿಳೆಯರ ಹೆಸರುಗಳನ್ನು ಆರಿಸಿಕೊಂಡಿತು. ಕಿತ್ತೂರಿನ ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಚಾಳುಕ್ಯ ವಂಶದ ಅಕ್ಕಾದೇವಿ, ಈ ಮೂವರು ಕನ್ನಡತಿಯರ ಹೆಸರನ್ನೂ ನೌಕೆಗಳು ಹೊತ್ತಿವೆಯೆಂಬುದು ಕನ್ನಡ ಶಾಲೆಯ ಮಕ್ಕಳಾದ ನಿಮಗೆ ಹೆಮ್ಮೆಯ ಮಾತು.

ಇದೇ ಸಾಲಿನಲ್ಲಿ, ಸಿಂಗಾಪುರದಲ್ಲಿ ನಿರ್ಮಾಣಗೊಂಡು 1987ರಲ್ಲಿ ಸೇವೆಗೆ ಸೇರಿದ ಒಂದು ನೌಕೆಗೆ ಅಹಲ್ಯಾಬಾಯಿ ಎಂದು ಹೆಸರಿಟ್ಟರು. ಚೆನ್ನಮ್ಮ ಕುಂಪಣಿಯವರೊಡನೆ ಕಾದಿದವಳು. ಅಬ್ಬಕ್ಕ ಪೋರ್ಚುಗೀಸರ ಹಡಗುಗಳನ್ನು ಎದುರಿಸಿದವಳು. ಆದರೆ ಅಹಲ್ಯಾಬಾಯಿ ಕಡಲ ಕಾಳಗವನ್ನು ಆಡಿದವಳಲ್ಲ. ಆಕೆಯ ರಾಜಧಾನಿ ಸಮುದ್ರದಿಂದ ಬಹು ದೂರ, ನರ್ಮದೆಯ ದಡದ ಮಹೇಶ್ವರದಲ್ಲಿತ್ತು. ಹಾಗಿರುವಾಗ ಆಕೆಯ ಹೆಸರು ನೌಕೆಗೆ ಒಪ್ಪುವುದು ಹೇಗೆ? ಈ ಪ್ರಶ್ನೆಗೆ ಆಕೆಯ ಬಾಳೇ ಉತ್ತರ ಹೇಳಬೇಕು.

ಅಹಲ್ಯಾಬಾಯಿ ಹುಟ್ಟಿದ್ದು 1725ರ ಮೇ 31ರಂದು, ಇಂದು ಅಹಿಲ್ಯಾನಗರವೆಂದು ಕರೆಯುವ ಅಹಮದನಗರ ಜಿಲ್ಲೆಯ ಚೌಂಡಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂಧೆ ಆ ಊರಿನ ಪಟೇಲ. ಕುರಿ ಕಾಯುವ ಧನಗರ ಕುಲದವನು. ಅದೇ ಕುಲದಲ್ಲಿ ಹುಟ್ಟಿ, ಖಡ್ಗದ ಬಲದಿಂದ ಮೇಲೆ ಬಂದು, ಪೇಶ್ವೆಯ ದೊಡ್ಡ ಸರದಾರನಾದವನು ಮಲ್ಹಾರರಾವ್ ಹೋಳ್ಕರ್. ದಂಡಿನೊಡನೆ ಆ ಹಳ್ಳಿಯಲ್ಲಿ ತಂಗಿದ್ದಾಗ ಗುಡಿಯಲ್ಲಿ ಕಂಡ ಈ ಬಾಲಿಕೆಯ ನಡೆನುಡಿಗೆ ಮೆಚ್ಚಿ ಅವನು ಆಕೆಯನ್ನು ಸೊಸೆಯಾಗಿ ತಂದುಕೊಂಡನೆಂದು ಪ್ರತೀತಿ. ಹೀಗೆ ಹಳ್ಳಿಯ ಹುಡುಗಿ ಮಲ್ಹಾರರಾಯನ ಮಗ ಖಂಡೇರಾಯನ ಮಡದಿಯಾದಳು. ಮಾಲೇರಾವ್ ಎಂಬ ಮಗನೂ ಮುಕ್ತಾಬಾಯಿ ಎಂಬ ಮಗಳೂ ಹುಟ್ಟಿದರು.

ಸುಖದ ದಿನಗಳು ಬಹುಕಾಲ ಉಳಿಯಲಿಲ್ಲ. 1754ರಲ್ಲಿ ಕುಂಭೇರಿ ಕೋಟೆಯ ಮುತ್ತಿಗೆಯಲ್ಲಿ ಖಂಡೇರಾವ್ ಫಿರಂಗಿಯ ಗುಂಡಿಗೆ ಬಲಿಯಾದನು. ಅಂದಿನ ರೂಢಿಯಂತೆ ಸಹಗಮನಕ್ಕೆ ಸಿದ್ಧಳಾದ ಸೊಸೆಯನ್ನು ವೃದ್ಧನಾಗುತ್ತಿದ್ದ ಮಲ್ಹಾರರಾವ್ ಅಂಗಲಾಚಿ ತಡೆದನು. ಮುಂದೆ ಆಕೆಗೆ ರಾಜ್ಯದ ಲೆಕ್ಕಪತ್ರ, ದಂಡಿನ ಸರಬರಾಜು, ಕಂದಾಯದ ವಸೂಲಿ ಎಲ್ಲವನ್ನೂ ಒಪ್ಪಿಸಿದನು. ತಾನು ದೂರದ ರಣರಂಗದಲ್ಲಿರುವಾಗ ತೋಪು, ಮದ್ದುಗುಂಡುಗಳಿಗೂ ಸೊಸೆಗೇ ಓಲೆ ಬರೆಯುತ್ತಿದ್ದನು. ಚಿತೆಯನ್ನು ಏರಬೇಕಾಗಿದ್ದವಳು ರಾಜ್ಯಭಾರವನ್ನು ಕಲಿತದ್ದು ಹೀಗೆ.

1766ರಲ್ಲಿ ಮಾವ ತೀರಿಕೊಂಡನು. ಪಟ್ಟವೇರಿದ ಮಗ ಮಾಲೇರಾವ್ ಒಂದು ವರ್ಷ ತುಂಬುವುದರೊಳಗೆ, 1767ರಲ್ಲಿ, ಕಣ್ಮುಚ್ಚಿದನು. ಆಗ ದಿವಾನ ಗಂಗಾಧರ ಯಶವಂತನು ಒಂದು ಮಗುವನ್ನು ದತ್ತು ಮಾಡಿಸಿ ಅಧಿಕಾರವನ್ನು ತನ್ನ ಕೈಯಲ್ಲಿಟ್ಟುಕೊಳ್ಳಲು ಹವಣಿಸಿ, ಪೇಶ್ವೆಯ ಚಿಕ್ಕಪ್ಪ ರಘುನಾಥರಾಯನನ್ನು ಸೈನ್ಯಸಮೇತ ಬರಮಾಡಿಕೊಂಡನು. ಅಹಲ್ಯಾಬಾಯಿ ಅಂಜಲಿಲ್ಲ. ದಂಡನ್ನು ಸಜ್ಜುಗೊಳಿಸಿದಳು, ನೆರೆಯ ಸರದಾರರ ಬೆಂಬಲವನ್ನು ಕೇಳಿದಳು, ಪುಣೆಯ ಪೇಶ್ವೆ ಮಾಧವರಾಯನಿಗೆ ನೇರವಾಗಿ ಬಿನ್ನಹ ಕಳುಹಿದಳು. ಹೆಂಗಸಿನ ಮೇಲೆ ಗೆದ್ದರೆ ಕೀರ್ತಿಯಿಲ್ಲ, ಸೋತರೆ ಲೋಕ ನಗುವುದೆಂದು ರಘುನಾಥರಾಯನಿಗೆ ಹೇಳಿಕಳುಹಿದಳೆಂದು ಜನರು ಇಂದಿಗೂ ನೆನೆಯುತ್ತಾರೆ. ಪೇಶ್ವೆ ಆಕೆಯ ಹಕ್ಕನ್ನು ಎತ್ತಿಹಿಡಿದನು. ಯುದ್ಧಕ್ಕೆ ಬಂದವನು ದುಃಖ ವಿಚಾರಿಸಲು ಬಂದೆನೆಂದು ಹೇಳಿ ಹಿಂದಿರುಗಬೇಕಾಯಿತು.

ಅಲ್ಲಿಂದ ಇಪ್ಪತ್ತೆಂಟು ವರ್ಷ ಆಕೆ ಮಾಳವವನ್ನು ಆಳಿದಳು. ದಂಡಿನ ಹೊಣೆಯನ್ನು ತುಕೋಜಿ ಹೋಳ್ಕರನಿಗೆ ಕೊಟ್ಟಳು. ಅವನು ವಯಸ್ಸಿನಲ್ಲಿ ಹಿರಿಯನಾದರೂ ಆಕೆಯನ್ನು ತಾಯಿಯೆಂದೇ ಕರೆಯುತ್ತಿದ್ದನಂತೆ. ಆಕೆ ದಿನವೂ ಪ್ರಜೆಗಳ ಅಹವಾಲನ್ನು ಸ್ವತಃ ಕೇಳುತ್ತಿದ್ದಳು. ಗಂಡನನ್ನು ಕಳೆದುಕೊಂಡವರ ಆಸ್ತಿಯನ್ನು ಬೊಕ್ಕಸಕ್ಕೆ ಸೇರಿಸಿಕೊಳ್ಳದೆ ಅವರಿಗೇ ಉಳಿಸಿದಳು. ನೇಕಾರರನ್ನು ಕರೆತಂದು ಮಹೇಶ್ವರದಲ್ಲಿ ನೆಲೆಗೊಳಿಸಿದಳು; ಇಂದಿಗೂ ಹೆಸರಾಗಿರುವ ಮಹೇಶ್ವರೀ ಸೀರೆಗೆ ಮೂಲ ಅದು. ದಂಗೆಯೆದ್ದ ರಾಮಪುರದ ಚಂದ್ರಾವತರನ್ನು ಅಡಗಿಸುವಾಗ ಕಠೋರಳಾಗಲೂ ಆಕೆ ಹಿಂಜರಿಯಲಿಲ್ಲ.

ನಾವು ವಿಶೇಷವಾಗಿ ಗಮನಿಸಬೇಕಾದದ್ದು ದಾರಿಯ ವಿಷಯದಲ್ಲಿ ಆಕೆ ತೋರಿದ ವಿವೇಕ. ಮಾಳವದ ಕಣಿವೆಗಳಲ್ಲಿ ಭಿಲ್ಲರು ಪಯಣಿಗರನ್ನು ದೋಚುತ್ತಿದ್ದರು. ದಂಡನೆಯಿಂದ ಮಾತ್ರ ಇದು ನಿಲ್ಲದೆಂದು ಕಂಡು ಆಕೆ ಬೇರೆ ಉಪಾಯ ಹೂಡಿದಳು. ತಮ್ಮ ಬೆಟ್ಟದ ಹಾದಿಯಲ್ಲಿ ಸಾಗುವ ಸರಕಿನ ಮೇಲೆ ಒಂದು ಅಲ್ಪ ಸುಂಕವನ್ನು ಎತ್ತುವ ಭಿಲ್ಲರ ಹಳೆಯ ಹಕ್ಕನ್ನು ಒಪ್ಪಿ, ಬಂಜರು ನೆಲವನ್ನು ಸಾಗುವಳಿಗೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಆ ಹಾದಿಯ ಕಾವಲನ್ನು ಅವರಿಗೇ ವಹಿಸಿದಳು. ದೋಚುವವರೇ ಕಾಯುವವರಾದರು. ವರ್ತಕರೂ ಯಾತ್ರಿಕರೂ ನಿಶ್ಚಿಂತೆಯಿಂದ ನಡೆಯುವಂತಾಯಿತು.

ಯಾತ್ರಿಕರ ಮೇಲಿನ ಈ ಕಾಳಜಿಯು ರಾಜ್ಯದ ಗಡಿಯಲ್ಲಿ ನಿಲ್ಲಲಿಲ್ಲ. ಬದರಿಯಿಂದ ರಾಮೇಶ್ವರದವರೆಗೆ ಆಕೆ ಘಟ್ಟ, ಬಾವಿ, ಛತ್ರಗಳನ್ನು ಕಟ್ಟಿಸಿದಳು. ಸೋಮನಾಥದಲ್ಲಿ ಗುಡಿಯನ್ನೂ ಗಯೆಯಲ್ಲಿ ವಿಷ್ಣುಪದ ಮಂದಿರವನ್ನೂ ನಿರ್ಮಿಸಿದಳು. ನಮ್ಮ ಗೋಕರ್ಣವೂ ಆಕೆಯ ದಾನಧರ್ಮ ಸಂದ ಕ್ಷೇತ್ರಗಳಲ್ಲೊಂದು. ಈ ವೆಚ್ಚವನ್ನು ಆಕೆ ರಾಜ್ಯದ ಬೊಕ್ಕಸದಿಂದಲ್ಲ, ಖಾಸಗಿ ಎಂದು ಕರೆಯುವ ತನ್ನ ಸ್ವಂತ ಜಹಗೀರಿನ ಉತ್ಪನ್ನದಿಂದ ಮಾಡಿದಳು.

ಇವುಗಳಲ್ಲೆಲ್ಲ ಕಳಶಪ್ರಾಯವಾದದ್ದು ಕಾಶಿಯ ವಿಶ್ವನಾಥ ಮಂದಿರ. ಹಿಂದಿನ ಮಂದಿರವು 1669ರಲ್ಲಿ ಔರಂಗಜೇಬನ ಆಜ್ಞೆಯಂತೆ ನಾಶವಾಗಿತ್ತು. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1780ರಲ್ಲಿ, ಅದರ ಸಮೀಪದ ನೆಲದಲ್ಲಿ ಇಂದಿನ ಗುಡಿಯನ್ನು ಅಹಲ್ಯಾಬಾಯಿ ಕಟ್ಟಿಸಿದಳು. ಕಾಶಿ ಆಕೆಯ ರಾಜ್ಯವಾಗಿರಲಿಲ್ಲ. 1775ರಲ್ಲಿಯೇ ಆ ಪ್ರಾಂತ ಕುಂಪಣಿಯವರ ಅಧೀನಕ್ಕೆ ಹೋಗಿತ್ತು. ಆ ಗುಡಿಯಿಂದ ಆಕೆಗೆ ಒಂದು ಕಾಸಿನ ಕಂದಾಯವೂ ಬರುವಂತಿರಲಿಲ್ಲ. ಮುಂದೆ ಪಂಜಾಬಿನ ಮಹಾರಾಜ ರಣಜಿತ್ ಸಿಂಹನು ಶಿಖರಕ್ಕೆ ಚಿನ್ನದ ಹೊದಿಕೆಯನ್ನು ಅರ್ಪಿಸಿದನು.

ಆ ಗುಡಿಗೆ ಕರೆದೊಯ್ಯುವ ಇಕ್ಕಟ್ಟಾದ ಓಣಿಯೇ ವಿಶ್ವನಾಥ ಗಲ್ಲಿ. ಬಳೆ, ಕುಂಕುಮ, ಹಿತ್ತಾಳೆಯ ತಂಬಿಗೆ, ರುದ್ರಾಕ್ಷಿ, ಮರದ ಆಟಿಕೆ, ಬನಾರಸಿ ರೇಷ್ಮೆ ಇವುಗಳ ಅಂಗಡಿಗಳು ಎರಡು ಪಕ್ಕದಲ್ಲಿಯೂ ಕಿಕ್ಕಿರಿದಿವೆ. ಸಾಕ್ಷಿ ವಿನಾಯಕನೂ ಅನ್ನಪೂರ್ಣೆಯೂ ದಾರಿಯಲ್ಲಿ ಸಿಗುತ್ತಾರೆ. ಕಾಶಿಗೆ ಹೋದ ಕನ್ನಡಿಗರು ಜಂಗಮವಾಡಿಯಲ್ಲೋ ಹನುಮಾನ್ ಘಾಟಿನಲ್ಲೋ ಇಳಿದುಕೊಂಡರೂ ಒಮ್ಮೆ ಈ ಗಲ್ಲಿಯಲ್ಲಿ ಹೆಜ್ಜೆಯಿಡದೆ ಮರಳುವುದಿಲ್ಲ. ನಿತ್ಯ ಅಲ್ಲಿ ಬಳೆ ಮಾರಿ, ಹೂ ಕಟ್ಟಿ ಒಲೆ ಹಚ್ಚುವ ಸಂಸಾರಗಳಿಗೆ ಅನ್ನ ದೊರೆಯುವುದು ಆ ಗುಡಿಗೆ ಬರುವ ಯಾತ್ರಿಕರಿಂದ. 2021ರ ಡಿಸೆಂಬರಿನಲ್ಲಿ ಗುಡಿಯಿಂದ ಗಂಗೆಯವರೆಗೆ ವಿಶಾಲವಾದ ಹೊಸ ಪ್ರಾಂಗಣ ತೆರೆಯಿತು. ಅಲ್ಲಿ ಅಹಲ್ಯಾಬಾಯಿಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ.

ಲೋಕಕ್ಕೆ ನೆರಳಾದವಳ ಮನೆಯಲ್ಲಿ ಮಾತ್ರ ದುಃಖ ತಪ್ಪಲಿಲ್ಲ. ಮೊಮ್ಮಗನೂ ಅಳಿಯ ಯಶವಂತರಾವ್ ಫಣಸೆಯೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. 1791ರಲ್ಲಿ ಮಗಳು ಮುಕ್ತಾಬಾಯಿ ಗಂಡನ ಚಿತೆಯನ್ನೇರಲು ನಿಶ್ಚಯಿಸಿದಳು. ಹಿಂದೊಮ್ಮೆ ಮಾವನ ಮಾತಿಗೆ ಮಣಿದು ಬದುಕಿದ ತಾಯಿಯು ಈಗ ಅದೇ ಮಾತನ್ನು ಮಗಳಿಗೆ ಎಷ್ಟು ಹೇಳಿದರೂ ಫಲಿಸಲಿಲ್ಲ. ರಾಜ್ಯವನ್ನು ಕಾಯಬಲ್ಲವಳಿಗೂ ಅಂದಿನ ರೂಢಿಯಿಂದ ಸ್ವಂತ ಮಗಳನ್ನು ಕಾಯಲಾಗಲಿಲ್ಲ. 1795ರ ಆಗಸ್ಟ್ 13ರಂದು, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಆಕೆ ಮಹೇಶ್ವರದಲ್ಲಿ ಕೊನೆಯುಸಿರೆಳೆದಳು.

ವಿದ್ಯಾರ್ಥಿ ಮಿತ್ರರೇ, ಈಗ ಮೊದಲಿನ ಪ್ರಶ್ನೆಗೆ ಬರೋಣ. ತಟರಕ್ಷಣಾ ಪಡೆಯು 1978ರ ಶಾಸನದಿಂದ ಸ್ಥಿರಗೊಂಡದ್ದು ಪರರ ನೆಲವನ್ನು ಗೆಲ್ಲುವುದಕ್ಕಲ್ಲ. ಬಿರುಗಾಳಿಗೆ ಸಿಕ್ಕ ಬೆಸ್ತರನ್ನು ದಡ ಸೇರಿಸುವುದು, ಕಳ್ಳಸಾಗಣೆಯನ್ನು ತಡೆಯುವುದು, ಕಡಲ ನೀರು ಕೆಡದಂತೆ ನೋಡುವುದು ಅದರ ಕೆಲಸ. ನಾವು ರಕ್ಷಿಸುತ್ತೇವೆ ಎಂಬುದೇ ಅದರ ಧ್ಯೇಯದ ತಾತ್ಪರ್ಯ. ಮಾಳವದ ಕಣಿವೆಯಲ್ಲಿ ಅಹಲ್ಯಾಬಾಯಿ ಮಾಡಿದ್ದೂ ಇದನ್ನೇ. ಕಡಲೂ ಒಂದು ದಾರಿ. ದಾರಿಹೋಕನನ್ನು ಕಾಯುವವರ ಹಡಗಿಗೆ ಆಕೆಯ ಹೆಸರಿಗಿಂತ ಒಪ್ಪುವ ಹೆಸರು ಅಪರೂಪ.

ನಮ್ಮಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ನಗರಕ್ಕೆ ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ತನ್ನದಲ್ಲದ ಊರಿನಲ್ಲಿ ನಮಗೇನು ಕೆಲಸವೆಂದು ಸುಮ್ಮನಿರುವುದು ಸುಲಭ. ತನ್ನದಲ್ಲದ ಕಾಶಿಯಲ್ಲಿ ಗುಡಿ ಕಟ್ಟಿಸಿದವಳನ್ನು ನೆನೆದರೆ, ನಾವಿರುವ ಬೀದಿಗೂ ನಮ್ಮಿಂದ ಏನಾದರೂ ಸಲ್ಲಬೇಕೆಂಬುದು ತಿಳಿದೀತು. ಬಾವಿ ತೋಡಿಸುವ ಐಶ್ವರ್ಯ ನಮಗಿಲ್ಲದಿರಬಹುದು. ಬಾಯಾರಿ ಬಂದವನಿಗೆ ಒಂದು ತಂಬಿಗೆ ನೀರು ಕೊಡಲು, ದಾರಿ ತಪ್ಪಿದವನನ್ನು ಮನೆ ಮುಟ್ಟಿಸಲು ಯಾವ ರಾಜ್ಯವೂ ಬೇಕಾಗಿಲ್ಲ.